ಹಸುವಿಗೆ ಸಂಜೆಯೊಳಗೆ ಡಾಕ್ಟರು, ನಮ್ಮ ತೋಳಿಗೆ ಯಾವಾಗ?

ಬೆಳಗ್ಗೆ ಡೇರಿ ಮುಂದೆ ಸಾಲಿನಲ್ಲಿ ನಿಂತಾಗ ಕ್ಯಾನುಗಳನ್ನು ಬಿಟ್ಟು, ಅವನ್ನು ಹಿಡಿದ ಕೈಗಳನ್ನು ಒಮ್ಮೆ ನೋಡಿ. ಒಬ್ಬರು ಐದು ಹೆಜ್ಜೆಗೊಮ್ಮೆ ಕ್ಯಾನನ್ನು ಬಲಗೈಯಿಂದ ಎಡಗೈಗೆ ಬದಲಿಸುತ್ತಿರುತ್ತಾರೆ. ಇನ್ನೊಬ್ಬರ ಮಣಿಕಟ್ಟಿಗೆ ಹಳೇ ಸೀರೆಯ ಅಂಚು ಸುತ್ತಿರುತ್ತದೆ. ಮತ್ತೊಬ್ಬರು ಹಾಲು ಸುರಿಯುವಷ್ಟು ಎತ್ತರಕ್ಕೂ ಕೈ ಏಳದೆ "ಒಸಿ ಎತ್ಕೊಡವ್ವ" ಅಂತ ಪಕ್ಕದವರನ್ನು ಕೇಳುತ್ತಾರೆ. ಏನಾಯ್ತು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಏನಿಲ್ಲ ಕಣಕ್ಕ, ವಾಯು ಹಿಡ್ಕೊಂಡದೆ, ಹೋಯ್ತದೆ."

ಅದೇ ಬಾಯಿ ಹಸುವಿನ ವಿಷಯಕ್ಕೆ ಬಂದರೆ ಬೇರೆ ಮಾತಾಡುತ್ತದೆ. ಕೆಚ್ಚಲು ಸ್ವಲ್ಪ ಬಿಸಿಯಾದರೆ, ಹಾಲಿನಲ್ಲಿ ಒಂದು ಚೂರು ಗೆಡ್ಡೆ ಕಂಡರೆ, ಸಂಜೆಯೊಳಗೆ ಡಾಕ್ಟರು ಕೊಟ್ಟಿಗೆಯಲ್ಲಿ ಇರಬೇಕು. 1962 ಎಂಬ ಪಶು ಆಂಬುಲೆನ್ಸ್ ನಂಬರು ನಮಗೆಲ್ಲ ಬಾಯಿಪಾಠ. ಹಸುವಿನ ಕಿವಿಗೆ 12 ಅಂಕಿಯ ಓಲೆ ಇದೆ, ವಿಮೆ ಇದೆ, ಮಲಗಿದಾಗ ಮಂಡಿ ನೋಯದಿರಲಿ ಅಂತ ಕೆಳಗೆ ರಬ್ಬರ್ ಮ್ಯಾಟ್ ಇದೆ. ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆಯುವವಳ ಮಂಡಿ, ಭುಜ, ಕೈ ಯಾರ ಲೆಕ್ಕಕ್ಕೂ ಇಲ್ಲ. ಮೊದಲು ಅವಳ ಲೆಕ್ಕಕ್ಕೇ ಇಲ್ಲ. ಇದನ್ನು ತಪ್ಪು ಹೊರಿಸಲು ಬರೆಯುತ್ತಿಲ್ಲ. ನಾನೂ ಎಂಟು ತಿಂಗಳು ಹಾಗೆಯೇ ಇದ್ದವಳು.

ಮೂರು ವರ್ಷದ ಹಿಂದೆ ನನ್ನ ಎಡ ಭುಜ ನೋಯಲು ಶುರುವಾಯಿತು. ಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಾಯಿತು. ಆಮೇಲೆ ತುರುಬು ಕಟ್ಟಲು ಕೈ ಹಿಂದಕ್ಕೆ ಹೋಗದಾಯಿತು. ಸ್ನಾನಕ್ಕೆ ನಿಂತರೆ ಬೆನ್ನು ಉಜ್ಜಿಕೊಳ್ಳಲಾರೆ. ಮಗಳು ಹಬ್ಬಕ್ಕೆ ಬಂದಾಗ ತಲೆ ಬಾಚಿಕೊಡು ಅಂದೆ. ಅವಳು ಏನೋ ಮುದ್ದಿಗೆ ಕೇಳುತ್ತಿದ್ದೇನೆ ಅಂದುಕೊಂಡಳು. ಅಷ್ಟು ಹೊತ್ತಿಗೆ ಎಣ್ಣೆ ತಿಕ್ಕಿಸಿದ್ದೆ, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದ್ದೆ, ಉಳುಕು ತೆಗೆಯುವವರೊಬ್ಬರ ಹತ್ತಿರ ಕೈ ಎಳೆಸಿಕೊಂಡು ಮೂರು ದಿನ ಅತ್ತಿದ್ದೆ.

ಕೊನೆಗೆ ಹೋದದ್ದು ತಾಲ್ಲೂಕು ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ. ಅವರು ಕೈ ಎತ್ತಲು ಹೇಳಿದರು. ಅರ್ಧಕ್ಕೆ ನಿಂತಿತು. ಆಮೇಲೆ ಅವರೇ ನನ್ನ ಕೈ ಹಿಡಿದು ಮೆಲ್ಲಗೆ ಎತ್ತಿ ನೋಡಿದರು. ಅವರಿಗೂ ಅಲ್ಲೇ ನಿಂತಿತು. "ಭುಜ ಹೆಪ್ಪುಗಟ್ಟಿದೆಯಮ್ಮ, ಫ್ರೋಜನ್ ಶೋಲ್ಡರ್" ಅಂದರು. ಹಾಲಿನವಳಿಗೆ ಹೆಪ್ಪಿನ ರೋಗವೇ ಬಂತಲ್ಲ ಅಂತ ನಗು ಬಂತು. ಅವರು ನಗಲಿಲ್ಲ. ಎಕ್ಸ್‌ರೇಗಿಂತ ಮೊದಲು ಸಕ್ಕರೆ ಪರೀಕ್ಷೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ 190 ಬಂತು. ಎಷ್ಟು ವರ್ಷದಿಂದ ಇತ್ತೋ ಸಕ್ಕರೆ ಕಾಯಿಲೆ, ನನಗೆ ಗೊತ್ತಾದದ್ದು ಭುಜದ ದೆಸೆಯಿಂದ.

ಈ ಹೆಪ್ಪುಗಟ್ಟುವ ಭುಜ 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಬಲವಂತವಾಗಿ ಎಳೆಸಿದರೆ ಬೇಗ ಹೋಗುವುದಿಲ್ಲ, ಕೆಡುತ್ತದೆ. ನೋವೆಂದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತರೂ ಕೆಡುತ್ತದೆ. ನೋವು ಸಹಿಸುವಷ್ಟರ ಮಟ್ಟಿಗೆ ದಿನಾ ಆಡಿಸುತ್ತಿರಬೇಕು.

ಆದರೆ ಭುಜ ನೋವೆಲ್ಲ ಇದೇ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಭುಜದ ಕೀಲನ್ನು ಸುತ್ತಿ ಹಿಡಿದ ಸ್ನಾಯುರಜ್ಜುಗಳ ಸವೆತ, ಊತ. ತೋಳಿನ ಹೊರಭಾಗದಲ್ಲಿ, ಮೇಲರ್ಧದಲ್ಲಿ ನೋಯುತ್ತದೆ. ಮೇಲಿನ ಅಟ್ಟದಿಂದ ಏನಾದರೂ ಇಳಿಸುವಾಗ, ಹೊರೆಯನ್ನು ತಲೆಗೆ ಏರಿಸುವಾಗ ಚುಚ್ಚುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ನೀವೇ ಎತ್ತಿದರೆ ಏಳದ ಕೈ, ಬೇರೆಯವರು ಮೆಲ್ಲಗೆ ಎತ್ತಿದರೆ ಏಳುತ್ತದೆಯೇ? ಏಳುವುದಾದರೆ ಸ್ನಾಯುರಜ್ಜಿನ ತೊಂದರೆ ಇರಬಹುದು. ಯಾರು ಎತ್ತಿದರೂ ಏಳದಿದ್ದರೆ ಕೀಲೇ ಬಿಗಿದಿರಬಹುದು. ಇದು ರೋಗ ತೀರ್ಮಾನವಲ್ಲ. ಡಾಕ್ಟರಿಗೆ ಹೇಳಲು ಒಂದು ಮಾತು, ಅಷ್ಟೆ.

ಕೆಲವರಿಗೆ ನೋವು ಭುಜದಲ್ಲಿ ಇದ್ದರೂ ಮೂಲ ಕುತ್ತಿಗೆಯಲ್ಲಿರುತ್ತದೆ. ಕತ್ತಿನಿಂದ ತೋಳಿನ ಉದ್ದಕ್ಕೂ ಕರೆಂಟು ಹೊಡೆದಂತೆ ಇಳಿಯುತ್ತದೆ, ಬೆರಳು ಜೋಮು ಹಿಡಿಯುತ್ತವೆ, ಕತ್ತು ತಿರುಗಿಸಿದರೆ ಹೆಚ್ಚಾಗುತ್ತದೆ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20-25 ಕೆ.ಜಿ. ಹಸಿ ಮೇವು ಬೇಕು. ಎರಡು ಹಸುವಿದ್ದರೆ ಅಷ್ಟನ್ನೂ ಕೊಯ್ದು, ಕಟ್ಟಿ, ಗದ್ದೆ ಬದುವಿನ ಮೇಲೆ ತಲೆಯ ಮೇಲೆ ಹೊತ್ತು ತರುವವರು ಯಾರು ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಿಲ್ಲ.

ಇನ್ನು ಹಾಲು ಕರೆಯುವ ಕೈ. ಒಂದು ದಿನ ಕೂತು ಎಣಿಸಿದೆ. ಒಂದು ಲೀಟರಿಗೆ ನನ್ನ ಕೈಗೆ 70 ಹಿಂಡು ದಾಟಿತು. ಎರಡು ಹೊತ್ತು ಸೇರಿ 20 ಲೀಟರ್ ಕರೆದರೆ 1,400 ಸಲ ಮುಷ್ಟಿ ಬಿಗಿಯಬೇಕು. ಎರಡು ಕೈಗೆ ಹಂಚಿದರೂ ಒಂದೊಂದಕ್ಕೆ 700. ನಡುವೆ ನಿಲ್ಲಿಸಿ ದಣಿವಾರಿಸಿಕೊಳ್ಳುವಂತೆಯೂ ಇಲ್ಲ. ಕೆಚ್ಚಲು ತೊಳೆದು ಹಸು ಹಾಲು ಬಿಟ್ಟ ಮೇಲೆ ಆ ಹಾರ್ಮೋನಿನ ಪ್ರಭಾವ ಐದಾರು ನಿಮಿಷ, ಅಷ್ಟರೊಳಗೆ ಕರೆದು ಮುಗಿಸಬೇಕು. ಹಸುವಿನ ಗಡಿಯಾರಕ್ಕೆ ನಮ್ಮ ಕೈ ಓಡಬೇಕು.

ಹೆಬ್ಬೆರಳು ಮಡಿಚಿ, ಅದರ ಗೆಣ್ಣಿಗೆ ಮೊಲೆತೊಟ್ಟನ್ನು ಒತ್ತಿ ಹಿಂಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನಮ್ಮ ಅತ್ತೆಯವರು ಹಾಗೆ ಕಲಿಸಿದರು, ಅವರಿಗೆ ಅವರತ್ತೆ. ಹಾಗೆ ಹಿಂಡಿದರೆ ತೊಟ್ಟಿನ ಒಳಪದರಕ್ಕೆ ಪೆಟ್ಟಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ ಅಂತ ತರಬೇತಿಗಳಲ್ಲಿ ಪಶುವೈದ್ಯರು ಹೇಳುತ್ತಲೇ ಇರುತ್ತಾರೆ. ಅವರು ಹೇಳದೆ ಬಿಡುವ ಇನ್ನೊಂದು ಮಾತಿದೆ. ಅದು ಕರೆಯುವವಳ ಕೈಗೂ ಪೆಟ್ಟು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಹೋಗುವ ಸ್ನಾಯುರಜ್ಜು ಉಜ್ಜಿ ಉಜ್ಜಿ ಊದಿಕೊಳ್ಳುತ್ತದೆ. ಆಮೇಲೆ ಚಪಾತಿ ಲಟ್ಟಿಸಲಾಗದು, ಮಗು ಎತ್ತಲಾಗದು, ಒದ್ದೆ ಬಟ್ಟೆ ಹಿಂಡಲಾಗದು. ಪೂರ್ತಿ ಮುಷ್ಟಿಯಲ್ಲಿ, ಹೆಬ್ಬೆರಳು ಹೊರಗಿಟ್ಟು ಹಿಂಡುವುದು ಹಸುವಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಚೊಚ್ಚಲು ಕರು ಹಾಕಿದ ಹಸುವಿನ ತೊಟ್ಟು ಚಿಕ್ಕದಿದ್ದರೆ ಮುಷ್ಟಿಗೆ ಸಿಗುವುದಿಲ್ಲ, ಒಪ್ಪುತ್ತೇನೆ. ಸಿಗುವ ಹಸುವಿಗಾದರೂ ಬದಲಾಯಿಸಿ. ಹದಿನೈದು ದಿನ ಕೈ ತಡವರಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ರಾತ್ರಿ ನಿದ್ದೆಯಿಂದ ಎಚ್ಚರವಾಗಿ ಕೈ ಜಾಡಿಸುವವರು ಎಷ್ಟು ಜನ ಇದ್ದೀರಿ? ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಜಾಡಿಸಿದರೆ ಸ್ವಲ್ಪ ಸರಿಹೋಗುವುದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಗುರುತು. ಬಸುರಿಯರಲ್ಲಿ, ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಮೊದಮೊದಲಿಗೆ ರಾತ್ರಿ ಮಣಿಕಟ್ಟು ಮಡಿಯದಂತೆ ಪಟ್ಟಿ ಹಾಕಿಕೊಂಡರೆ ಸುಧಾರಿಸುತ್ತದೆ. ವರ್ಷಗಟ್ಟಲೆ ಬಿಟ್ಟರೆ ಹೆಬ್ಬೆರಳಿನ ಬುಡದ ಮಾಂಸ ಇಳಿದುಹೋಗಿ ಹಿಡಿತವೇ ತಪ್ಪುತ್ತದೆ. ಇಳಿದ ಮಾಂಸ ಪೂರ್ತಿ ಮರಳಿ ಬರುವ ಭರವಸೆ ಇಲ್ಲ.

ಮುಂಗೈಯ ಹೊರಮಗ್ಗುಲಲ್ಲಿ, ಮೊಣಕೈ ಹತ್ತಿರ ನೋವಿದ್ದರೆ ಅದೂ ಹಿಡಿತದ ಕೆಲಸದಿಂದಲೇ ಬಂದದ್ದು. ಇಂಗ್ಲಿಷಿನವರು ಅದಕ್ಕೆ ಟೆನಿಸ್ ಎಲ್ಬೊ ಅಂತ ಹೆಸರಿಟ್ಟಿದ್ದಾರೆ. ನಾವು ಬ್ಯಾಟು ಹಿಡಿಯದೆಯೂ ಬರುತ್ತದೆ.

ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಎದ್ದು ಅರ್ಧ ಗಂಟೆ, ಒಂದು ಗಂಟೆ ಮುಷ್ಟಿ ಕಟ್ಟಲಾಗದಷ್ಟು ಬಿಗಿಯಾಗಿದ್ದರೆ ಅದನ್ನು ಕೆಲಸದ ತಲೆಗೆ ಕಟ್ಟಬೇಡಿ. ಅದು ಕೀಲುವಾತ ಇರಬಹುದು. ಅದಕ್ಕೆ ಬೇರೆಯೇ ಔಷಧಿ ಇದೆ, ಬೇಗ ಶುರು ಮಾಡಿದರೆ ಕೀಲು ಸೊಟ್ಟಗಾಗುವುದನ್ನು ತಡೆಯಬಹುದು.

ನಾವು ಹಸು ಸಾಕುವವರು ಎಂಬ ಕಾರಣಕ್ಕೇ ಬರಬಹುದಾದ ಒಂದು ಕಾಯಿಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂದು ರೋಗ ಗೊತ್ತಲ್ಲ, ಬ್ರುಸೆಲ್ಲೋಸಿಸ್. ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕುತ್ತದೆ, ಸತ್ತೆ ಬೀಳುವುದಿಲ್ಲ. ಅವಸರಕ್ಕೆ ನಾವು ಬರಿಗೈಯಲ್ಲಿ ಎಳೆಯುತ್ತೇವೆ, ತಿಪ್ಪೆಗೆ ಎಸೆಯುತ್ತೇವೆ. ಕೈಯಲ್ಲಿ ಮೇವು ಕೊಯ್ದ ಗಾಯ ಇದ್ದೇ ಇರುತ್ತದೆ. ಆ ರೋಗಾಣು ಗಾಯದಿಂದಲೂ ಒಳಗೆ ಹೋಗುತ್ತದೆ, ಹಸಿ ಹಾಲಿನಿಂದಲೂ ಹೋಗುತ್ತದೆ. ವಾರಗಳ ನಂತರ ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಸುಸ್ತು, ಸೊಂಟ, ಮಂಡಿ, ಭುಜ ಹೀಗೆ ಯಾವುದಾದರೂ ಕೀಲು ನೋವು. ಡಾಕ್ಟರಿಗೆ ನಾವು ಮೈಕೈ ನೋವು ಅಂತ ಮಾತ್ರ ಹೇಳಿದರೆ ಅವರು ನೋವಿನ ಮಾತ್ರೆ ಬರೆಯುತ್ತಾರೆ. "ನಾನು ಹಸು ಸಾಕಿದ್ದೇನೆ, ಎರಡು ತಿಂಗಳ ಹಿಂದೆ ಒಂದು ಹಸು ಕಂದು ಹಾಕಿತ್ತು, ನಾನೇ ಎತ್ತಿ ಹಾಕಿದೆ" ಎಂಬ ಒಂದು ವಾಕ್ಯ ಸೇರಿಸಿದರೆ ರಕ್ತ ಪರೀಕ್ಷೆ ಬರೆಯುತ್ತಾರೆ. ಚಿಕಿತ್ಸೆ ಇದೆ, ಆದರೆ ಕನಿಷ್ಠ ಆರು ವಾರ ಮಾತ್ರೆ ತಪ್ಪಿಸುವಂತಿಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಒಂದೇ ಒಂದು ಸಲ ಹಾಕುವ ಲಸಿಕೆಯನ್ನು ತಪ್ಪಿಸಬೇಡಿ. ಸತ್ತೆಯನ್ನು ಕೈಚೀಲವಿಲ್ಲದೆ ಮುಟ್ಟಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿಸಿ. ಬಸುರಿ ಸೊಸೆಯನ್ನಂತೂ ಆ ಕೆಲಸಕ್ಕೆ ಹತ್ತಿರ ಬಿಡಬೇಡಿ.

ಈಗ ಕಾಯಬಾರದ ನೋವುಗಳ ಮಾತು. ತೋಳು ನೋವಿನ ಜೊತೆಗೆ ಎದೆ ಬಿಗಿತ, ತಣ್ಣನೆ ಬೆವರು, ಉಸಿರು ಕಟ್ಟುವುದು, ದವಡೆಗೆ ಅಥವಾ ಬೆನ್ನಿಗೆ ಹಬ್ಬುವ ನೋವು, ವಾಕರಿಕೆ ಇದ್ದರೆ ಅದು ಹೃದಯದ್ದಾಗಿರಬಹುದು. ಎಡಗೈಯೇ ನೋಯಬೇಕೆಂದಿಲ್ಲ, ಬಲಗೈ ಆಗಬಹುದು, ಎರಡೂ ಆಗಬಹುದು. ಹೆಂಗಸರಿಗೆ ಕೆಲವೊಮ್ಮೆ ಎದೆ ನೋವು ಎದ್ದು ಕಾಣದೆ, ವಿಪರೀತ ಸುಸ್ತು ಮತ್ತು ಉಸಿರಾಟದ ತೊಂದರೆಯೇ ಮುಂದಾಗಿರುತ್ತದೆ. ಭುಜದ ನೋವು ಸಾಮಾನ್ಯವಾಗಿ ಕೈ ಆಡಿಸಿದರೆ ಹೆಚ್ಚಾಗುತ್ತದೆ. ಹೃದಯದ ನೋವಿಗೆ ಕೈ ಆಡಿಸಿದ್ದಕ್ಕೂ ಬಿಟ್ಟದ್ದಕ್ಕೂ ಸಂಬಂಧವಿಲ್ಲ. ದಿಣ್ಣೆ ಹತ್ತುವಾಗ ಬಂದು, ನಿಂತರೆ ಕಡಿಮೆಯಾಗುವ ತೋಳು ನೋವನ್ನೂ ಕಡೆಗಣಿಸಬೇಡಿ. ಹಾಗೆಯೇ ಒಂದು ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಓರೆಯಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿ ಆದದ್ದಾದರೆ, ಅದನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎರಡರಲ್ಲೂ 108ಕ್ಕೆ ಫೋನು ಮಾಡಿ. ಹಾಲು ಡೇರಿಗೆ ಹಾಕಿ ಬಂದು ಹೋಗೋಣ ಅನ್ನುವ ಮಾತು ಬೇಡ. ಒಂದು ಹೊತ್ತಿನ ಹಾಲು ಕರುವಿಗಾಗಲಿ.

ಅದೇ ದಿನ ಅಲ್ಲದಿದ್ದರೂ ಒಂದೆರಡು ದಿನದೊಳಗೆ ತೋರಿಸಬೇಕಾದವೂ ಇವೆ. ಹಸು ಹಗ್ಗ ಜಗ್ಗಿದಾಗಲೋ, ಒದ್ದಾಗಲೋ, ಗಂಜಲದಲ್ಲಿ ಜಾರಿ ಬಿದ್ದಾಗಲೋ ಪೆಟ್ಟಾಗಿ ಕೈ ಎತ್ತಲಾಗದಿದ್ದರೆ ತಡಮಾಡಬೇಡಿ. ಭುಜದ ಆಕಾರ ಬದಲಾಗಿದ್ದರೆ, ಅಥವಾ ಕೀಲು ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಹೋಗಿ. ಕೈಯಿಂದ ವಸ್ತುಗಳು ತಾವಾಗಿ ಜಾರಿ ಬೀಳುತ್ತಿದ್ದರೆ, ಬಲ ಕಡಿಮೆಯಾಗುತ್ತಿದ್ದರೆ, ಮಲಗಿದರೂ ಕೂತರೂ ಬಿಡದ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ತೋರಿಸಿ. ಕಂಕುಳಲ್ಲಿ ಅಥವಾ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ನೋವಿಲ್ಲದಿದ್ದರೂ ತೋರಿಸಿ. ನಾಚಿಕೆಗೆ ಮುಚ್ಚಿಟ್ಟ ಗಂಟುಗಳ ಕಥೆ ಪ್ರತಿ ಊರಿನಲ್ಲೂ ಒಂದಾದರೂ ಇದೆ. ಇವು ಯಾವುದೂ ಇಲ್ಲದ ಸಾಮಾನ್ಯ ನೋವಾದರೆ ಎರಡು ಮೂರು ವಾರ ಎಚ್ಚರಿಕೆಯಿಂದ ನೋಡಬಹುದು. ಅದಕ್ಕಿಂತ ಹೆಚ್ಚು ಕಾಯಬೇಡಿ.

ಕಾಯುವಾಗ ಮೆಡಿಕಲ್ ಸ್ಟೋರಿನ ಮಾತ್ರೆ, ಸೂಜಿಯ ಮೇಲೆ ತಿಂಗಳುಗಟ್ಟಲೆ ಬದುಕುವುದು ಮಾತ್ರ ಅಪಾಯ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯನ್ನು 2006ರಲ್ಲಿ ಸರ್ಕಾರ ನಿಷೇಧಿಸಿತು, ನೆನಪಿರಬಹುದು. ಆ ಔಷಧಿ ಕೊಟ್ಟಿದ್ದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳ ಜಾತಿಯೂ ಹಾಗೆ ಅಳಿದದ್ದೇ. ಮನುಷ್ಯರ ದೇಹ ಹದ್ದಿನದಲ್ಲ, ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಂಡರೆ ತೊಂದರೆಯಿಲ್ಲ. ಆದರೆ ಅದನ್ನೇ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಬಿ.ಪಿ. ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು. ಕೊಟ್ಟಿಗೆಯಲ್ಲಿ ಉಳಿದ ಹಸುವಿನ ನೋವಿನ ಔಷಧಿಯನ್ನು ಬಳಸುವುದಂತೂ ಬೇಡವೇ ಬೇಡ. ನಗಬೇಡಿ, ಬಳಸಿದವರನ್ನು ಕಂಡಿದ್ದೇನೆ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಕುಕ್ಕರುಗಾಲು ಬಿಟ್ಟು ಒಂದು ಗಟ್ಟಿ ಮಣೆಯ ಮೇಲೆ, ಹಸುವಿಗೆ ಹತ್ತಿರ ಕೂತು ಕರೆಯಿರಿ. ದೂರ ಕೂತು ತೋಳು ಚಾಚಿದಷ್ಟೂ ಭಾರ ಭುಜದ ಮೇಲೆ ಬೀಳುತ್ತದೆ. ಮೇವನ್ನು ಒಂದೇ ದೊಡ್ಡ ಹೊರೆ ಮಾಡದೆ ಎರಡು ಮಾಡಿ, ಅಥವಾ ಮಗನ ಬೈಕಿನ ಹಿಂದೆ ಕಟ್ಟಿಸಿ. ಪೇಟೆಗೆ ಹೋಗಲು ಇರುವ ಪೆಟ್ರೋಲು ಹುಲ್ಲಿಗೂ ಇರಲಿ. ನನಗೆ ಫಿಸಿಯೋಥೆರಪಿಯವರು ಕಲಿಸಿದ್ದು ಎರಡೇ. ಮುಂದಕ್ಕೆ ಬಾಗಿ, ಒಳ್ಳೇ ಕೈಯನ್ನು ಗೋದಲಿಯ ಅಂಚಿಗೆ ಊರಿ, ನೋಯುವ ಕೈಯನ್ನು ಹಸುವಿನ ಕೊರಳ ಗಂಟೆಯ ಹಾಗೆ ಸಡಿಲ ಬಿಟ್ಟು ತೂಗುವುದು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು. ದಿನಾ ಎಲ್ಲಿಗೆ ಮುಟ್ಟಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಕೊಟ್ಟಿಗೆ ಗೋಡೆಯಲ್ಲಿ ಆ ಗೆರೆಗಳು ಈಗಲೂ ಇವೆ. ತುರುಬಿಗೆ ಕೈ ಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು.

ಆ ಹದಿನಾಲ್ಕು ತಿಂಗಳು ಹಾಲು ಕರೆದವರು ನಮ್ಮ ಯಜಮಾನರು. ಅಷ್ಟು ವರ್ಷ "ಗಂಡಸರ ಕೈಗೆ ಹಸು ಹಾಲು ಬಿಡಲ್ಲ" ಅನ್ನುತ್ತಿದ್ದವರು. ನಾಲ್ಕು ದಿನ ಬಿಡಲಿಲ್ಲ, ಐದನೇ ದಿನ ಬಿಟ್ಟಿತು. ಹಸುವಿಗೆ ಗೊತ್ತಿರುವುದು ಕೈಯ ಗುರುತು, ಹೆಣ್ಣು ಗಂಡು ಅಲ್ಲ. ಮನೆಯಲ್ಲಿ ಇಬ್ಬರಿಗೆ ಕರೆಯಲು ಬಂದರೆ ಒಬ್ಬರ ಭುಜಕ್ಕೆ ಒಂದು ಹೊತ್ತು ರಜೆ. ಇದನ್ನು ಭುಜ ಹೆಪ್ಪುಗಟ್ಟುವ ಮೊದಲೇ ಮಾಡಬಹುದಿತ್ತು.

ಒಕ್ಕೂಟಕ್ಕೂ ಸಂಘಗಳಿಗೂ ನನ್ನ ಮಾತಿದೆ. ಯಶಸ್ವಿನಿ ಕಾರ್ಡು ದೊಡ್ಡ ಆಸರೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ. ಆಪರೇಷನ್ನಿನವರೆಗೆ ಹೋಗದಂತೆ ತಡೆಯುವ ಫಿಸಿಯೋಥೆರಪಿಗೆ, ಬಸ್ ಚಾರ್ಜಿಗೆ, ಅರ್ಧ ದಿನದ ಕೂಲಿಗೆ ಯಾವ ಕಾರ್ಡೂ ಇಲ್ಲ. ಹಾಲಿನ ಬಟವಾಡೆ ನಮ್ಮ ಖಾತೆಗೇ ಬಂದರೂ ಅದರಲ್ಲಿ 200 ರೂಪಾಯಿ ನಮ್ಮ ಕೈಗೆ ಖರ್ಚು ಮಾಡಲು ನಾವೇ ಹಿಂಜರಿಯುತ್ತೇವೆ. ಬರಡು ರಾಸುಗಳ ಶಿಬಿರ ಊರಿಗೇ ಬರುತ್ತದೆ. ಅದೇ ದಿನ, ಅದೇ ಶಾಮಿಯಾನದ ಇನ್ನೊಂದು ಮೂಲೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ಕೂತರೆ ಎಷ್ಟು ಖರ್ಚಾದೀತು? 30 ವಯಸ್ಸು ದಾಟಿದವರಿಗೆ ಸಕ್ಕರೆ, ಬಿ.ಪಿ. ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೇಗೂ ಉಚಿತ. ಹೊತ್ತು ಮಾತ್ರ ನಮಗೆ ಹೊಂದಬೇಕು. ಬೆಳಗ್ಗೆ ಒಂಬತ್ತಕ್ಕೆ ಕರೆದರೆ ನಾವು ಸಗಣಿ ಬಾಚುತ್ತಿರುತ್ತೇವೆ, ಸಂಜೆ ನಾಲ್ಕಕ್ಕೆ ಹಾಲು. ಹನ್ನೊಂದರಿಂದ ಎರಡೂವರೆ ಇರಲಿ.

ಹಾಲು ಕರೆಯುವ ಯಂತ್ರದ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಒಂದೆರಡು ಹಸುವಿನ ಮನೆಗೆ ಅದನ್ನು ತೊಳೆದು ಇಡುವುದೇ ಇನ್ನೊಂದು ಕೆಲಸ, ಸರಿಯಾಗಿ ತೊಳೆಯದಿದ್ದರೆ ಹಾಲು ಒಡೆಯುತ್ತದೆ. ಐದಾರು ಹಸು ಇದ್ದು, ಒಬ್ಬಳೇ ಕರೆಯುವ ಮನೆಗೆ ಅದು ಬೇಕೇ ಬೇಕು. ರಿಯಾಯಿತಿಯ ಪಟ್ಟಿ ಮಾಡುವಾಗ ಹಸುವಿನ ಲೆಕ್ಕದ ಜೊತೆಗೆ ಕರೆಯುವ ಕೈಗಳ ಲೆಕ್ಕವನ್ನೂ ಕೇಳಲಿ. ಕರೆಂಟಿನ ಮೇವು ಕತ್ತರಿಸುವ ಯಂತ್ರ ಮಾತ್ರ ಎಲ್ಲರಿಗೂ ಸಿಗಲಿ. ಕೈಯಲ್ಲಿ ಚಕ್ರ ತಿರುಗಿಸುವ ಯಂತ್ರದಷ್ಟು ಭುಜ ತಿನ್ನುವ ಸಾಮಾನು ಕೊಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಈ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು, 23 ಸದಸ್ಯೆಯರ ಸಹಿ ಹಾಕಿಸಿ, ನಮ್ಮ ಸಂಘದ ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇವೆ. ವಾರ್ಷಿಕ ಸಭೆಯ ವಿಷಯ ಪಟ್ಟಿಯಲ್ಲಿ ಹಾಲಿನ ದರದ ಕೆಳಗೆ ಸೇರಿಸುತ್ತೇನೆ ಅಂದಿದ್ದಾರೆ. ಸಹಿ ಹಾಕುವಾಗ ಪೆನ್ನು ಹಿಡಿಯಲಾಗದೆ ಹೆಬ್ಬೆಟ್ಟು ಒತ್ತಿದವರು ಇಬ್ಬರು. ಅವರಿಬ್ಬರಿಗೂ ಓದು ಬರಹ ಚೆನ್ನಾಗಿ ಬರುತ್ತದೆ.